ಒಂದೇ ಹಿಂಬಾಗಿಲಿಗೆ ಮೂರು ಗಾಜು: ಗುಜರಿಯದು, ಅಂಗಡಿಯದು, ಕಂಪನಿಯದು

ನನ್ನ ಬಳಿ ಹನ್ನೊಂದು ವರ್ಷಗಳಿಂದ ಇರುವ ಎಸ್‌ಯುವಿಯ ಹಿಂಬದಿ ಗಾಜು ಇದುವರೆಗೆ ಮೂರು ಸಲ ಒಡೆದಿದೆ, ಮೂರು ಸಲವೂ ಬೇರೆ ಬೇರೆ ಕಡೆಯ ಗಾಜನ್ನು ಕೂರಿಸಿದ್ದಾಗಿದೆ: ಮೊದಲು ಗುಜರಿಯಿಂದ ತಂದ ಹಳೆಯ ಗಾಜು, ಆಮೇಲೆ ಬಿಡಿಭಾಗಗಳ ಅಂಗಡಿಯಲ್ಲಿ ಸಿಗುವ ಬೇರೆ ತಯಾರಕರ ಹೊಸ ಗಾಜು, ಕೊನೆಗೆ ವಾಹನದ ಕಂಪನಿಯೇ ಪೂರೈಸುವ ಗಾಜು. ಹೋಲಿಸಿ ನೋಡಬೇಕೆಂದು ಹೊರಟು ಮಾಡಿದ ಕೆಲಸ ಇದಲ್ಲ. ಪ್ರತಿ ಸಲವೂ ಹಿಂದಿನ ಸಲದ ಬೇಸರವೇ ಮುಂದಿನ ಆಯ್ಕೆಯನ್ನು ಮಾಡಿಸಿತು. ಆದರೆ ವಾಹನ ಒಂದೇ, ಬಾಗಿಲು ಒಂದೇ, ಮಳೆಯಲ್ಲೂ ಚಳಿಯಲ್ಲೂ ಓಡಿಸಿದವನೂ ಒಬ್ಬನೇ ಆದ್ದರಿಂದ ಮೂರನ್ನೂ ಅಕ್ಕಪಕ್ಕದಲ್ಲಿಟ್ಟು ಮಾತನಾಡುವಷ್ಟು ಅನುಭವ ನನಗಿದೆ.

ಮುಂಗಾಜಿನಲ್ಲಿ ಸಣ್ಣ ಬಿರುಕು ಬಿದ್ದರೆ ರಾಳ ತುಂಬಿಸಿ ಉಳಿಸಿಕೊಳ್ಳುವ ದಾರಿಯುಂಟು, ಏಕೆಂದರೆ ಅದು ಎರಡು ಗಾಜಿನ ಹಾಳೆಗಳ ನಡುವೆ ಪ್ಲಾಸ್ಟಿಕ್ ಪದರವನ್ನಿಟ್ಟು ಬೆಸೆದ ಲ್ಯಾಮಿನೇಟೆಡ್ ಗಾಜು. ಹಿಂಬದಿಯದು ಸಾಮಾನ್ಯವಾಗಿ ಟೆಂಪರ್ಡ್ ಗಾಜು. ಗಾಜನ್ನು 600 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಿ, ರಭಸದಿಂದ ಗಾಳಿ ಊದಿ ಥಟ್ಟನೆ ತಣಿಸಿದಾಗ ಮೇಲ್ಮೈ ಮೊದಲು ಗಟ್ಟಿಯಾಗುತ್ತದೆ, ಒಳಭಾಗ ನಿಧಾನವಾಗಿ ತಣಿದು ಕುಗ್ಗುತ್ತದೆ. ಹೀಗಾಗಿ ಮೇಲ್ಮೈ ಒತ್ತಡದಲ್ಲಿಯೂ ಒಳಭಾಗ ಎಳೆತದಲ್ಲಿಯೂ ಉಳಿದುಬಿಡುತ್ತವೆ. ಈ ಬಿಗುವು ಇರುವಷ್ಟು ದಿನ ಗಾಜು ಗಟ್ಟಿ. ಅದು ಒಂದು ಕಡೆ ಮುರಿದರೆ ಇಡೀ ಗಾಜು ಕಲ್ಲುಸಕ್ಕರೆಯಂಥ ಹರಳುಗಳಾಗಿ ಉದುರುತ್ತದೆ. ಆದ್ದರಿಂದ ದುರಸ್ತಿಯ ಮಾತೇ ಇಲ್ಲ. ತಯಾರಾದ ಮೇಲೆ ಅದರ ಅಂಚನ್ನು ಕತ್ತರಿಸಲೂ ಆಗದು, ವೈಪರ್‌ಗೆ ತೂತು ಕೊರೆಯಲೂ ಆಗದು. ತೂತಿಲ್ಲದ ಗಾಜನ್ನು ತೋರಿಸಿ "ಆಮೇಲೆ ಕೊರೆದು ಕೊಡೋಣ" ಎನ್ನುವವರು ಎದುರಾದರೆ ಅಲ್ಲಿಂದ ಹೊರಡುವುದೇ ಲೇಸು.

ಮೊದಲ ಸಲದ ತಪ್ಪು ನನ್ನದೇ. ಹಿಂದೆ ಓರೆಯಾಗಿಟ್ಟಿದ್ದ ಕಬ್ಬಿಣದ ಕೊಳವೆಯ ತುದಿ ಎಷ್ಟು ಹೊರಚಾಚಿದೆ ಎಂದು ನೋಡದೆ ಬಾಗಿಲನ್ನು ಎಳೆದು ಮುಚ್ಚಿದೆ. ಕಂಪನಿ ಗಾಜು ಬರಲು ವಾರಗಳಾಗುತ್ತವೆ ಎಂದು ಸರ್ವೀಸ್ ಸೆಂಟರಿನವರು ಹೇಳಿದ್ದರಿಂದ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡು ಕೆಲವು ದಿನ ಓಡಾಡಿದೆ, ಎರಡನೆಯ ದಿನಕ್ಕೇ ತಲೆನೋವು ಶುರುವಾಯಿತು. ಎಸ್‌ಯುವಿಯ ಹಿಂಭಾಗ ಪೆಟ್ಟಿಗೆಯಂತೆ ನೇರವಾಗಿರುವುದರಿಂದ ಓಡುವಾಗ ಅದರ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ, ಸುಳಿಗಾಳಿಯೊಡನೆ ಸೈಲೆನ್ಸರಿನ ಹೊಗೆಯೂ ತೆರೆದ ಜಾಗದಿಂದ ಒಳಕ್ಕೆ ನುಗ್ಗುತ್ತದೆ. ಆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಪ್ಲಾಸ್ಟಿಕ್ ಹಾಳೆಯನ್ನು ಒಂದು ಆಯ್ಕೆಯೆಂದು ಲೆಕ್ಕಕ್ಕೇ ತೆಗೆದುಕೊಳ್ಳದಿರಲು ಇಷ್ಟೇ ಸಾಕು. ಅದು ಗಾಜು ಕೂರಿಸುವ ಜಾಗಕ್ಕೆ ವಾಹನವನ್ನು ಒಯ್ಯುವ ಮಟ್ಟಿಗಿನ ಏರ್ಪಾಡು, ಅಷ್ಟೇ.

ಆ ಅವಸರದಲ್ಲಿ ತಂದದ್ದು ಗುಜರಿಯ ಗಾಜು. ಅದರ ಪರವಾಗಿ ಹೇಳಬೇಕಾದದ್ದು ನಿಜಕ್ಕೂ ಬಹಳವಿದೆ. ಅದೇ ಮಾದರಿಯ ಇನ್ನೊಂದು ವಾಹನದಿಂದ ಬಿಚ್ಚಿದ್ದಾದ್ದರಿಂದ ಬಾಗು, ವೈಪರ್ ತೂತು, ಗಾಜನ್ನು ಬಿಸಿಮಾಡಿ ಮಂಜು ಬಿಡಿಸುವ ಡಿಫಾಗರಿನ ತಂತಿ ಸಿಕ್ಕಿಸುವ ಜಾಗ ಎಲ್ಲವೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂತವು. ಪಕ್ಕದ ಕಿಟಕಿಗಳ ಕಪ್ಪು ಛಾಯೆಗೂ ಇದಕ್ಕೂ ಒಂದಿಷ್ಟೂ ಭೇದ ಕಾಣಲಿಲ್ಲ. ಬೆಲೆಯೋ, ಮೂರರಲ್ಲಿ ಎಲ್ಲಕ್ಕಿಂತ ಕಡಿಮೆ. ಆದರೆ ಅಂಟಿಸಿದ ಗಾಜನ್ನು ಒಡೆಯದೆ ಬಿಚ್ಚುವುದು ನಾಜೂಕಿನ ಕೆಲಸ. ತಂತಿಯಿಂದ ಅಂಟನ್ನು ಕೊಯ್ದು ತೆಗೆದರೆ ಗಾಜು ಉಳಿಯುತ್ತದೆ. ಚಾಕು, ಉಳಿ ಹಾಕಿ ಮೀಟಿದರೆ ಅಂಚಿನಲ್ಲಿ ಸಣ್ಣ ಚಕ್ಕೆ ಏಳುತ್ತದೆ. ಟೆಂಪರ್ಡ್ ಗಾಜಿನ ದುರ್ಬಲ ಜಾಗವೆಂದರೆ ಅಂಚೇ. ನಾನು ಕೊಂಡ ಗಾಜಿನ ಕೆಳಮೂಲೆಯಲ್ಲಿ ಎಳ್ಳುಕಾಳಿನಷ್ಟು ಚಕ್ಕೆ ಹೋಗಿತ್ತು. ಹಳೆಯ ಅಂಟಿನ ಗಂಟುಗಳ ನಡುವೆ ಅದನ್ನು ಕಂಡೂ ಕಾಣದಂತೆ ಇದ್ದುಬಿಟ್ಟೆ.

ಎರಡನೆಯ ತೊಂದರೆ ಗೊತ್ತಾದದ್ದು ಚಳಿಗಾಲದಲ್ಲಿ. ಹಿಂಬದಿ ಗಾಜಿನ ಮೇಲೆ ಅಡ್ಡಡ್ಡಲಾಗಿ ಕಾಣುವ ಡಿಫಾಗರಿನ ಕಂದು ಗೆರೆಗಳು ಗಾಜಿನೊಳಗೆ ಹುದುಗಿದ ತಂತಿಗಳಲ್ಲ; ಬೆಳ್ಳಿಯ ಪುಡಿ ಬೆರೆಸಿದ ಲೇಪವನ್ನು ಒಳಮೈಯ ಮೇಲೆ ಮುದ್ರಿಸಿ ಬೇಯಿಸಿ ಮಾಡಿದಂಥವು. ಉಗುರಿನಿಂದ ಕೆರೆದರೆ, ಸ್ಟಿಕರ್ ಕಿತ್ತರೆ, ಗುಜರಿಯಲ್ಲಿ ಒಂದರ ಮೇಲೊಂದು ಒರಗಿಸಿಟ್ಟರೆ ಸಾಕು, ಗೆರೆ ತುಂಡಾಗುತ್ತದೆ. ನನ್ನ ಗಾಜಿನಲ್ಲಿ ಮೂರು ಗೆರೆಗಳು ಸತ್ತಿದ್ದವು: ಸುತ್ತಲೂ ಮಂಜು ಕರಗಿದರೂ ನಡುವೆ ಮೂರು ಪಟ್ಟಿ ಬೆಳ್ಳಗೆ ಉಳಿಯುತ್ತಿತ್ತು. ತುಂಡಾದ ಜಾಗವನ್ನು ಹುಡುಕುವುದು ಸುಲಭ. ಡಿಫಾಗರ್ ಹಾಕಿ, ಮಲ್ಟಿಮೀಟರಿನ ಒಂದು ಕಡ್ಡಿಯನ್ನು ವಾಹನದ ಲೋಹಕ್ಕೆ ತಾಗಿಸಿ, ಇನ್ನೊಂದನ್ನು ಗೆರೆಯ ಮೇಲೆ ಸರಿಸುತ್ತ ಹೋದರೆ ಒಂದು ತುದಿಯಲ್ಲಿ 12 ವೋಲ್ಟ್ ಆಸುಪಾಸು ಇರುವುದು ನಡುವೆ 6ಕ್ಕೆ ಇಳಿದು ಇನ್ನೊಂದು ತುದಿಯಲ್ಲಿ ಸೊನ್ನೆಯಾಗಬೇಕು. ಹಾಗೆ ಹಂತಹಂತವಾಗಿ ಇಳಿಯದೆ ಎಲ್ಲಿ ಒಮ್ಮೆಲೇ ಜಿಗಿಯುತ್ತದೋ ಅಲ್ಲಿಯೇ ಗೆರೆ ತುಂಡಾಗಿದೆ. ವಿದ್ಯುತ್ ಹರಿಸುವ ಬೆಳ್ಳಿ ಬಣ್ಣವನ್ನು ಹಚ್ಚಿ ಎರಡು ಗೆರೆಗಳನ್ನು ಬದುಕಿಸಿದೆ, ಮೂರನೆಯದು ಕೈಗೂಡಲಿಲ್ಲ. ಗುಜರಿಯಲ್ಲಿ ಕೊಳ್ಳುವಾಗಲೇ ಮೀಟರನ್ನು ವಿದ್ಯುತ್ ತಡೆ ಅಳೆಯುವ ಓಮ್‌ಗೆ ಇಟ್ಟು, ಗೆರೆಗಳನ್ನೆಲ್ಲ ಸೇರಿಸುವ ಎರಡೂ ಬದಿಯ ಪಟ್ಟಿಗಳ ನಡುವೆ ಅಳೆಯುವುದರಿಂದ ಇದು ಪೂರ್ತಿ ತಿಳಿಯದು, ಏಕೆಂದರೆ ಉಳಿದ ಗೆರೆಗಳ ಮೂಲಕ ದಾರಿ ಇದ್ದೇ ಇರುತ್ತದೆ. ಒಂದೊಂದು ಗೆರೆಯನ್ನೂ ಭೂತಗನ್ನಡಿಯಲ್ಲಿ ನೋಡುವುದೇ ಮೇಲು.

ಹದಿನಾಲ್ಕು ತಿಂಗಳಾದ ಮೇಲೆ, ಸುಡುಬಿಸಿಲಿನಲ್ಲಿ ನಿಲ್ಲಿಸಿದ್ದ ವಾಹನದ ಹಿಂಬದಿ ಗಾಜು ಯಾರೂ ಮುಟ್ಟದೆಯೇ ಸಿಡಿಯಿತು. ಟೆಂಪರ್ಡ್ ಗಾಜು ತಾನಾಗಿ ಒಡೆಯಲು ಒಳಗೆ ಸೇರಿಕೊಂಡ ನಿಕಲ್ ಸಲ್ಫೈಡಿನ ಸೂಕ್ಷ್ಮ ಕಣವೂ ಕಾರಣವಾಗುವುದುಂಟು. ಆದರೆ ನನ್ನ ಅನುಮಾನವೆಲ್ಲ ಆ ಎಳ್ಳುಕಾಳಿನ ಮೇಲೆಯೇ.

ಎರಡನೆಯ ಸಲ ಬೇರೆ ತಯಾರಕರ ಹೊಸ ಗಾಜನ್ನು ಆರಿಸಿದೆ. ಬೆಲೆ ಕಂಪನಿ ಗಾಜಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಕೊಳ್ಳುವ ಮೊದಲು ಮೂಲೆಯ ಮುದ್ರೆಯನ್ನು ಓದಿದೆ: ವೃತ್ತದೊಳಗಿನ 'ಇ' ಅಕ್ಷರ, ಅದರ ಪಕ್ಕದ ಸಂಖ್ಯೆ, ಜೊತೆಗೆ '43ಆರ್' ಎಂದಿದ್ದರೆ ಆ ಗಾಜು ವಿಶ್ವಸಂಸ್ಥೆಯ ವಾಹನ ಗಾಜಿನ 43ನೆಯ ನಿಯಮಾವಳಿಯಂತೆ ಪರೀಕ್ಷೆ ಮುಗಿಸಿದೆ ಎಂದರ್ಥ. ಯಾವ ಮುದ್ರೆಯೂ ಇಲ್ಲದ ಗಾಜನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ನಾನು ಮುಟ್ಟುವುದಿಲ್ಲ. ಆದರೆ ಮುದ್ರೆ ಹೇಳುವುದು ಸುರಕ್ಷತೆಯ ಮಾತನ್ನು ಮಾತ್ರ. ಗಾಜು ಬಾಗಿಲಿಗೆ ಹೊಂದುತ್ತದೆಯೇ ಎಂಬುದನ್ನಲ್ಲ. ಅಂಟು ಹಚ್ಚುವ ಮೊದಲು ಗಾಜನ್ನು ಚೌಕಟ್ಟಿನ ಮೇಲಿಟ್ಟು ನೋಡಿದಾಗ ಮೇಲಿನ ಎಡಮೂಲೆಯಲ್ಲಿ ಎರಡು ಮೂರು ಮಿಲಿಮೀಟರಿನಷ್ಟು ಎದ್ದು ನಿಂತಿತು. ಛಾಯೆಯಲ್ಲಿ ತೆಳುವಾದ ಹಸಿರು ಬೆರೆತಿದ್ದರಿಂದ ಪಕ್ಕದ ಕಿಟಕಿಗಳೊಡನೆ ನೋಡಿದರೆ ಬೇರೆಯೇ ಎಂದು ತಿಳಿಯುತ್ತಿತ್ತು. ಡಿಫಾಗರಿನ ತುದಿ ಒಂದು ಅಂಗುಲ ಆಚೆ ಇದ್ದುದರಿಂದ ತಂತಿಗೆ ತಂತಿ ಸೇರಿಸಬೇಕಾಯಿತು. ನನ್ನ ವಾಹನದ ರೇಡಿಯೋ ಆಂಟೆನಾ ಕೂಡ ಗಾಜಿನ ಮೇಲೆಯೇ ಮುದ್ರಿತವಾಗಿರುವಂಥದ್ದು. ಹೊಸ ಗಾಜಿನಲ್ಲಿ ಅದರ ವಿನ್ಯಾಸ ಬೇರೆಯಾಗಿದ್ದು, ದೂರದ ಕೇಂದ್ರಗಳೆಲ್ಲ ಗೊರಗೊರ ಎನ್ನತೊಡಗಿದವು. ಡಿಫಾಗರ್ ಮಾತ್ರ ಎಲ್ಲ ಗೆರೆಗಳಲ್ಲೂ ಸರಿಯಾಗಿ ಕೆಲಸ ಮಾಡಿತು. ಮಂಜು ಪೂರ್ತಿ ಬಿಡಲು ಸುಮಾರು ಹನ್ನೆರಡು ನಿಮಿಷ ತೆಗೆದುಕೊಳ್ಳುತ್ತಿತ್ತು. ಈಗಿನ ಕಂಪನಿ ಗಾಜು ಎಂಟು ನಿಮಿಷದಲ್ಲಿ ಮುಗಿಸುತ್ತದೆ.

ಮೊದಲ ಮಳೆಗೇ ನೀರು ಸೋರಿತು. ಎದ್ದು ನಿಂತ ಆ ಮೂಲೆಯೇ ಕಾರಣವೆಂದು ಎರಡು ವರ್ಷ ಗಾಜನ್ನೇ ಬೈಯುತ್ತಿದ್ದೆ. ಹುಲ್ಲು ಕತ್ತರಿಸುವ ಯಂತ್ರದಿಂದ ಸಿಡಿದ ಕಲ್ಲು ಅದನ್ನೂ ಪುಡಿಮಾಡಿದ ದಿನ ನಿಜ ಗೊತ್ತಾಯಿತು. ಮೂರನೆಯ ಸಲ ಬಂದ ಕುಶಲಕರ್ಮಿ ಹಳೆಯ ಅಂಟನ್ನು ಕೆರೆಯುತ್ತ ನನ್ನನ್ನು ಕರೆದು ತೋರಿಸಿದರು: ಎದ್ದು ನಿಂತಿದ್ದ ಮೂಲೆಯಲ್ಲಿ ಅಂಟು ದಪ್ಪವಾಗಿ, ಗಟ್ಟಿಯಾಗಿ, ಒಂದು ಹನಿ ನೀರೂ ದಾಟದಂತೆ ಕೂತಿತ್ತು. ಸೋರಿದ್ದು ಅದರ ಎದುರಿನ ಬದಿಯಲ್ಲಿ. ಹಿಂದಿನವರು ಹಳೆಯ ಅಂಟನ್ನು ಕೀಳುವಾಗ ಉಳಿಯಿಂದ ಬಣ್ಣವನ್ನೂ ಕಿತ್ತು, ಬರಿ ಲೋಹಕ್ಕೆ ಅಂಟಿಗೂ ಮೊದಲು ಬಳಿಯಬೇಕಾದ ಪ್ರೈಮರ್ ಹಚ್ಚದೆ ಅದರ ಮೇಲೆಯೇ ಅಂಟು ಎಳೆದಿದ್ದರು. ಲೋಹ ಒಳಗೊಳಗೇ ತುಕ್ಕು ಹಿಡಿದು ಅಂಟನ್ನು ಮೇಲಕ್ಕೆತ್ತಿತ್ತು, ನೀರಿಗೆ ಅದೇ ದಾರಿಯಾಗಿತ್ತು. ಮೂಲೆಯಲ್ಲಿ ಕಣ್ಣಿಗೆ ಕಾಣುತ್ತಿದ್ದ ಆ ದೋಷದ ಮೇಲೆ ಹಾಗೆ ಸುಳ್ಳು ಅಪವಾದ ಹೊರಿಸಿದ್ದೆ. ಎರಡನೆಯ ಗಾಜನ್ನೇ ಕೈಚಳಕವಿದ್ದವರು ಕೂರಿಸಿದ್ದರೆ, ರೇಡಿಯೋ ಮತ್ತು ಬಣ್ಣದ ಹೊರತು ನನ್ನ ತಕರಾರು ಇರುತ್ತಿರಲಿಲ್ಲ.

ಆದ್ದರಿಂದ ಕೂರಿಸುವ ಕೆಲಸದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಆ ಕುಶಲಕರ್ಮಿ ಹಳೆಯ ಯುರೆಥೇನ್ ಅಂಟನ್ನು ಪೂರ್ತಿ ಕೀಳಲಿಲ್ಲ. ಗಟ್ಟಿಯಾಗಿ ಹಿಡಿದಿದ್ದ ಕಡೆಯಲ್ಲೆಲ್ಲ ಒಂದೆರಡು ಮಿಲಿಮೀಟರಿನಷ್ಟು ತೆಳುವಾದ ಪದರವನ್ನು ಉಳಿಸಿಕೊಂಡರು, ಏಕೆಂದರೆ ಹೊಸ ಯುರೆಥೇನ್ ಹೊಸದಾಗಿ ಕೊಯ್ದ ಹಳೆಯ ಯುರೆಥೇನಿಗೆ ಚೆನ್ನಾಗಿ ಹಿಡಿಯುತ್ತದೆ. ತುಕ್ಕಿದ್ದ ಕಡೆ ಲೋಹ ಹೊಳೆಯುವವರೆಗೆ ಉಜ್ಜಿ, ಪ್ರೈಮರ್ ಹಚ್ಚಿ, ಅದು ಒಣಗುವವರೆಗೆ ಕಾದರು. ಗಾಜಿನ ಅಂಚಿನ ಕಪ್ಪು ಪಟ್ಟಿಗೂ ಪ್ರೈಮರ್ ಬಿತ್ತು; ಬಿಸಿಲಿನ ಅತಿನೇರಳೆ ಕಿರಣಗಳು ಅಂಟನ್ನು ಹಾಳುಮಾಡದಂತೆ ತಡೆಯುವುದು ಆ ಪಟ್ಟಿಯ ಕೆಲಸ, ಬರಿ ಅಂದಕ್ಕಲ್ಲ. ಅಂಟಿನ ಕೊಳವೆಯ ಮೂತಿಯನ್ನು 'ವಿ' ಆಕಾರಕ್ಕೆ ಕತ್ತರಿಸಿಕೊಂಡು, ತ್ರಿಕೋನದಂಥ ಎತ್ತರದ ಸಾಲನ್ನು ಎಲ್ಲಿಯೂ ಕಡಿಯದೆ ಒಂದು ಸುತ್ತು ಎಳೆದರು. ಗಾಜನ್ನು ಒತ್ತಿದಾಗ ಆ ತ್ರಿಕೋನವೇ ಚಪ್ಪಟೆಯಾಗಿ ಎರಡೂ ಬದಿಗೆ ಹರಡಿಕೊಳ್ಳುತ್ತದೆ. ಎರಡನೆಯ ಸಲದ ಕೆಲಸಗಾರರು ಸೋರಿಕೆಗೆ ಮದ್ದೆಂದು ಹೊರಗಿನಿಂದ ಸ್ನಾನದ ಮನೆಗೆ ಬಳಸುವ ಸಿಲಿಕೋನ್ ಬಳಿದುಕೊಟ್ಟಿದ್ದರು. ವಿನಿಗರಿನ ವಾಸನೆ ಬರುವ ಆ ಬಗೆಯ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಮ್ಲವನ್ನು ಬಿಡುತ್ತದೆ. ತುಕ್ಕು ಹಿಡಿಯುತ್ತಿದ್ದ ಲೋಹಕ್ಕೆ ಅದಕ್ಕಿಂತ ಕೆಟ್ಟ ಉಪಚಾರ ಬೇರೊಂದಿಲ್ಲ.

ಮನೆಗೇ ಬಂದು ಕೂರಿಸುವುದು ಮೇಲೋ, ಕಾರ್ಯಾಗಾರದಲ್ಲಿ ಮಾಡಿಸುವುದು ಮೇಲೋ ಎಂಬುದನ್ನೂ ನೋಡಿದ್ದೇನೆ. ಎರಡನೆಯದನ್ನು ಮನೆಯ ಮುಂದೆ, ಗಾಳಿಯಲ್ಲಿ ಧೂಳು ಹಾರುತ್ತಿರುವಾಗ ಕೂರಿಸಿದ್ದು. ಮೊದಲನೆಯದನ್ನೂ ಮೂರನೆಯದನ್ನೂ ಮಾಡಿನ ಕೆಳಗೆ. ಯುರೆಥೇನ್ ಗಾಳಿಯ ತೇವವನ್ನು ಹೀರಿಕೊಂಡು ಗಟ್ಟಿಯಾಗುವಂಥದ್ದು. ಒಣಹವೆಯಲ್ಲೂ ಚಳಿಯಲ್ಲೂ ನಿಧಾನಿಸುತ್ತದೆ, ಹಾಗೆಂದು ಹಸಿ ಅಂಟಿನ ಮೇಲೆ ಮಳೆಹನಿ ಬೀಳುವುದೂ ಬೇಡ. ಯಾವಾಗ ಓಡಿಸಬಹುದೆಂಬುದನ್ನು ಅಂಟಿನ ಕೊಳವೆಯ ಮೇಲೆ ಮುದ್ರಿಸಿರುತ್ತಾರೆ. ಒಂದು ಬಗೆಗೆ ಒಂದು ಗಂಟೆ ಸಾಕು, ಇನ್ನೊಂದಕ್ಕೆ ಇಡೀ ದಿನ ಬೇಕು. ಯಾರು "ಈಗಲೇ ತೊಗೊಂಡು ಹೋಗಿ" ಎಂದರೂ ಆ ಬರಹವನ್ನು ಓದಿಯೇ ನಾನು ಕೀಲಿ ಕೇಳುತ್ತೇನೆ. ಮೊದಲ ದಿನ ಒಂದು ಕಿಟಕಿಯನ್ನು ಬೆರಳಷ್ಟು ತೆರೆದಿಡಬೇಕು, ಇಲ್ಲವಾದರೆ ಬಾಗಿಲನ್ನು ಬಡಿದಾಗ ಒಳಗಿನ ಗಾಳಿ ಹಸಿ ಅಂಟಿನ ಗಾಜನ್ನು ಹೊರಕ್ಕೆ ತಳ್ಳುತ್ತದೆ. ಮನೆಗೆ ಬರುವವರಲ್ಲಿ ನನಗೆ ಕಂಡ ಇನ್ನೊಂದು ಕೊರತೆ ಗಾಜಿನ ಹರಳುಗಳನ್ನು ತೆಗೆಯುವುದರಲ್ಲಿ. ಆಸನಗಳ ಮೇಲೆ ಬಿದ್ದದ್ದನ್ನು ಎಲ್ಲರೂ ಗುಡಿಸುತ್ತಾರೆ. ಹಿಂಬಾಗಿಲಿನ ಒಳಗಿನ ಪೊಳ್ಳಿಗೆ ಇಳಿದದ್ದನ್ನು ತೆಗೆಯಲು ಒಳಹೊದಿಕೆಯನ್ನು ಬಿಚ್ಚಬೇಕು. ಬಿಚ್ಚದೆ ಬಿಟ್ಟರೆ ಬಾಗಿಲೆತ್ತಿದಾಗಲೆಲ್ಲ ಗಿಲಕಿಯ ಸದ್ದು ಬರುತ್ತದೆ, ನೀರು ಹೊರಹೋಗುವ ಕಿಂಡಿಗಳೂ ಕಟ್ಟಿಕೊಳ್ಳುತ್ತವೆ.

ಕಂಪನಿ ಗಾಜಿನ ಬಗ್ಗೆ ಹೇಳಲು ಹೆಚ್ಚೇನಿಲ್ಲ, ಅದೇ ಅದರ ಹೆಚ್ಚುಗಾರಿಕೆ. ಛಾಯೆ ಹೊಂದಿತು, ರೇಡಿಯೋ ಮೊದಲಿನಂತಾಯಿತು, ಗಾಜಿನ ಅಂಚನ್ನು ಮುಚ್ಚುವ ಹೊರಪಟ್ಟಿ ಸುತ್ತಲೂ ಒಂದೇ ಸಮನಾಗಿ ಕೂತಿತು. ಹದಿನೇಳು ದಿನ ಕಾಯಬೇಕಾಯಿತು, ದುಡ್ಡು ಎದೆ ಝಲ್ಲೆನ್ನುವಷ್ಟಾಯಿತು. ಆ ಹೊರಪಟ್ಟಿಯೂ ಅದರ ಕ್ಲಿಪ್ಪುಗಳೂ ಗಾಜಿನ ಜೊತೆಗೆ ಬರುವುದಿಲ್ಲವೆಂದು ಕೊನೆಯ ದಿನ ತಿಳಿದು ಮತ್ತೆ ಎರಡು ದಿನ ಹೋಯಿತು. ಬಿಲ್ಲು ಕೊಡುವ ಮೊದಲು ಇವನ್ನು ಕೇಳಿ ಬರೆಸಿಕೊಳ್ಳುವುದು ಒಳ್ಳೆಯದು.

ನಾಳೆ ಮತ್ತೆ ಒಡೆದರೆ ಏನು ಮಾಡುತ್ತೇನೆ? ಆಂಟೆನಾ ಗಾಜಿನಲ್ಲಿಯೇ ಇರುವ ನನ್ನ ವಾಹನಕ್ಕೆ ಕಂಪನಿ ಗಾಜನ್ನೇ ತರಿಸುತ್ತೇನೆ. ಆಂಟೆನಾ ಚಾವಣಿಯ ಮೇಲಿರುವ ವಾಹನವಾಗಿದ್ದರೆ ಮುದ್ರೆಯಿರುವ ಅಂಗಡಿ ಗಾಜನ್ನು ಕೊಂಡು, ಉಳಿದ ದುಡ್ಡಿನಲ್ಲಿ ಒಂದು ಪಾಲನ್ನು ಮೂರನೆಯ ಸಲ ಬಂದ ಕುಶಲಕರ್ಮಿಗೆ ಕೊಡುತ್ತಿದ್ದೆ. ಸರ್ವೀಸ್ ಸೆಂಟರಿನವರೇ ಕೂರಿಸಿಕೊಡುತ್ತೇವೆ ಎಂದರೂ ಆ ಕುಶಲಕರ್ಮಿಯನ್ನೇ ಕರೆಯುತ್ತಿದ್ದೆ. ಗುಜರಿ ಗಾಜನ್ನು ತಳ್ಳಿಹಾಕುವುದಿಲ್ಲ. ತಯಾರಿಕೆ ನಿಂತುಹೋದ ಹಳೆಯ ಮಾದರಿಗಳಿಗೆ ಎಷ್ಟೋ ಸಲ ಅದೊಂದೇ ದಾರಿ. ಆದರೆ ಅಂಟಿನ ಗಂಟುಗಳನ್ನೆಲ್ಲ ಅಲ್ಲಿಯೇ ಕೆರೆಸಿ, ನಾಲ್ಕೂ ಅಂಚಿನ ಮೇಲೆ ಬಟ್ಟೆ ಸುತ್ತಿದ ಬೆರಳನ್ನು ಒಂದು ಸುತ್ತು ಆಡಿಸದೆ ದುಡ್ಡು ಕೊಡುವುದಿಲ್ಲ. ಬಟ್ಟೆಯ ನೂಲು ಎಲ್ಲಾದರೂ ಸಿಕ್ಕಿಕೊಂಡರೆ ಆ ಗಾಜನ್ನು ಅಲ್ಲಿಯೇ ಒರಗಿಸಿ ಬರುತ್ತೇನೆ.