ಮೊಂಡ್ರಿಯಾನ್ ಕುರ್ತಾ ಬೇಡ, ಮುಮ್ತಾಜ್ ಸೀರೆ ತಗೊಳ್ಳಿ

ಆನ್‌ಲೈನ್ ಅಂಗಡಿಯೊಂದು 'ಕಲೆ ಮತ್ತು ಸಿನಿಮಾ' ಅಂತ ಹೊಸ ಬಟ್ಟೆಗಳನ್ನು ಬಿಟ್ಟಿದೆ. ಕೆಲವು ಹೆಸರಾಂತ ಪೇಂಟಿಂಗ್ ನೋಡಿ ಮಾಡಿದ್ದು, ಕೆಲವು ಹಳೇ ಸಿನಿಮಾ ನೋಡಿ ಮಾಡಿದ್ದು. ಧಾರವಾಡದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ನಾನು, ಇಂಥದ್ದು ಕಣ್ಣಿಗೆ ಬಿದ್ದರೆ ಸುಮ್ನೆ ಇರೋಕೆ ಆಗಲ್ಲ. 1,499 ರೂಪಾಯಿಯ ಮೊಂಡ್ರಿಯಾನ್ ಕುರ್ತಾ ತರಿಸಿದೆ. ಮೊಂಡ್ರಿಯಾನ್ ಅಂದರೆ ಕಪ್ಪು ಗೆರೆ, ಬಣ್ಣದ ಚೌಕಗಳ ಚಿತ್ರ ಬರೆದ ಡಚ್ ಕಲಾವಿದರು. ಜೊತೆಗೆ 2,850 ರೂಪಾಯಿ ಕೊಟ್ಟು ಹಿಂದಿ ನಟಿ ಮುಮ್ತಾಜ್ ಉಟ್ಟಿದ್ದರಲ್ಲ, ಅಂಥ ಕಿತ್ತಳೆ ಬಣ್ಣದ ರೆಡಿಮೇಡ್ ಸೀರೆ.

ಕುರ್ತಾ ಫೋಟೊದಲ್ಲಿ ಬಹಳ ಚೆಂದ. ಬಿಳಿ ಬಟ್ಟೆ, ಕಪ್ಪು ಗೆರೆ, ನಡುವೆ ಕೆಂಪು, ನೀಲಿ, ಹಳದಿ. ರೇಯಾನ್ ಬಟ್ಟೆ ಮೆತ್ತಗಿದೆ, ಒಗೆದರೆ ಬಣ್ಣ ಬಿಡುವುದಿಲ್ಲ. ತೊಂದರೆ ಇರುವುದು ಹೊಲಿಗೆಯಲ್ಲಿ. ಪಕ್ಕದ ಜೋಡು ನೋಡಿದರೆ ಮುಂಭಾಗದ ಕಪ್ಪು ಗೆರೆ ಒಂದು ಕಡೆ, ಹಿಂಭಾಗದ್ದು ಅರ್ಧ ಇಂಚು ಕೆಳಗೆ. ಎದೆಯ ಹತ್ತಿರ ಟಕ್ಸ್ (ಮೈಗೆ ಕೂರಲೆಂದು ಬಟ್ಟೆ ಮಡಚಿ ಹಾಕುವ ಹೊಲಿಗೆ) ಹಿಡಿದಲ್ಲಿ ನೆಟ್ಟಗಿರಬೇಕಾದ ಗೆರೆ ಮುರಿದು ಸೊಟ್ಟಗಾಗಿದೆ. ಜೇಬಂತೂ ಹಳದಿ ಚೌಕದ ನಟ್ಟನಡುವೆ, ಅದೂ ಬೇರೆಲ್ಲಿಂದಲೋ ಕತ್ತರಿಸಿದ ನೀಲಿ ತುಂಡು. ಗೆರೆ ತುಂಡಾದ ಮೇಲೆ ಮೊಂಡ್ರಿಯಾನ್ ಚಿತ್ರದಲ್ಲಿ ಇನ್ನೇನು ಉಳಿಯುತ್ತದೆ? ಗೆರೆಗಳೆಲ್ಲ ಒಂದೇ ದಪ್ಪ ಬೇರೆ. ಅವರ ಚಿತ್ರಗಳಲ್ಲಿ ಒಂದು ಗೆರೆ ದಪ್ಪಗಿದ್ದರೆ ಇನ್ನೊಂದು ತೆಳ್ಳಗಿರುತ್ತದೆ, ಕೆಲವು ಅಂಚಿನವರೆಗೆ ಹೋಗುವುದೇ ಇಲ್ಲ.

ಈ ಚೌಕಗಳು ಫ್ಯಾಷನ್ನಿನಲ್ಲಿ ಇಷ್ಟು ಹೆಸರಾದದ್ದು 1965ರಲ್ಲಿ, ಪ್ಯಾರಿಸ್ಸಿನ ಫ್ಯಾಷನ್ ಡಿಸೈನರ್ ಈವ್ ಸೇಂಟ್ ಲಾರೆಂಟ್ ಕೈಯಿಂದ. ಮೊಂಡ್ರಿಯಾನ್ ತೀರಿಕೊಂಡಿದ್ದು 1944ರಲ್ಲಿ, ಅವರು ಇದನ್ನು ನೋಡಲಿಲ್ಲ. ಲಾರೆಂಟ್ ಮಾಡಿದ ಉಡುಪಿನಲ್ಲಿ ಪ್ರಿಂಟ್ ಅನ್ನುವುದೇ ಇಲ್ಲ. ಒಂದೊಂದು ಬಣ್ಣದ ಉಣ್ಣೆಯ ಜರ್ಸಿ ಬಟ್ಟೆಯನ್ನು ಬೇರೆ ಬೇರೆ ಕತ್ತರಿಸಿ, ಕಪ್ಪು ಪಟ್ಟಿಗಳಿಗೆ ಕೂಡಿಸಿ ಹೊಲಿದದ್ದು. ಮೈಗೆ ಸರಿಯಾಗಿ ಕೂರುವುದಕ್ಕೆ ಎಲ್ಲೆಲ್ಲಿ ಒಳಗೆ ಹಿಡಿಯಬೇಕೋ ಅದನ್ನೆಲ್ಲ ಆ ಜೋಡುಗಳಲ್ಲೇ ಅಡಗಿಸಿದ್ದಾರೆ. ಹಾಗಾಗಿ ಒಂದೂ ಟಕ್ಸ್ ಕಣ್ಣಿಗೆ ಬೀಳುವುದಿಲ್ಲ. ಒಳಗೆ ಮೈ ಇದ್ದರೂ ಚಿತ್ರ ಗೋಡೆಗೆ ನೇತು ಹಾಕಿದಷ್ಟು ಸಪಾಟಾಗಿ ಕಾಣುತ್ತದೆ. ಕೂಡಲೇ ಅಗ್ಗದ ನಕಲುಗಳು ಶುರುವಾದವು. ನನ್ನ ಕುರ್ತಾ ಆ ಸಾಲಿನಲ್ಲಿ ಬಂದ ಮರಿಮೊಮ್ಮಗಳು, ಅಷ್ಟೆ.

ನಮ್ಮ ಟೇಲರ್ ಅಕ್ಕನಿಗೆ ಇದನ್ನು ತೋರಿಸಿದೆ. ಖಣದ ಕುಪ್ಪಸ ಹೊಲಿದರೆ ಎರಡೂ ತೋಳಿನ ಅಂಚು ಕೂದಲೆಳೆ ಹೆಚ್ಚುಕಮ್ಮಿ ಇಲ್ಲದೆ ಕೂಡಿಸುವವರು. ಒಳಮೈ ತಿರುವಿ ನೋಡಿದರು. "ಟೀಚರ್ರ, ಚೆಕ್ಸ್ ಕೂಡಿಸಬೇಕಂದ್ರ ಅರಿವಿ (ಬಟ್ಟೆ) ಜಾಸ್ತಿ ಬೇಕ್ರಿ. ಇವರು ಅರಿವಿ ಉಳಿಸ್ಯಾರ" ಅಂದರು. ವಿಮರ್ಶೆ ಅಂದರೆ ಇದು!

ಸೀರೆಯ ಕಥೆಯೇ ಬೇರೆ. 1968ರ 'ಬ್ರಹ್ಮಚಾರಿ' ಸಿನಿಮಾದಲ್ಲಿ ಮುಮ್ತಾಜ್ ಉಟ್ಟು ಕುಣಿದ ಕಿತ್ತಳೆ ಸೀರೆ ನೆನಪಿದೆ ಅಲ್ವಾ? ಅದನ್ನು ಮಾಡಿದ್ದು ಭಾನು ಅಥೈಯಾ. 'ಗಾಂಧಿ' ಸಿನಿಮಾದ ಉಡುಪುಗಳಿಗೆ ಆಸ್ಕರ್ ತಂದವರು, ಕೊಲ್ಹಾಪುರದವರು, ಮುಂಬಯಿಯ ಜೆ.ಜೆ. ಕಲಾ ಶಾಲೆಯಲ್ಲಿ ಕಲಿತ ಚಿತ್ರಕಲಾವಿದೆ. 1966ರ 'ಆಮ್ರಪಾಲಿ' ಸಿನಿಮಾಕ್ಕೆ ನಟಿ ವೈಜಯಂತಿಮಾಲಾ ಅವರ ಉಡುಪುಗಳನ್ನು ಅಜಂತಾದ ಚಿತ್ರಗಳನ್ನು ನೋಡಿ ರೂಪಿಸಿದರು. ಗುಹೆಯ ಗೋಡೆಯ ಮೇಲಿನ ಹೆಂಗಸರಿಗೆ ಕುಣಿಯುವ ಚಿಂತೆ ಇಲ್ಲ, ನಟಿಗೆ ಇದೆ. ಮುಮ್ತಾಜ್ ಸೀರೆಯಲ್ಲೂ ಅದೇ ಲೆಕ್ಕ: ನೆರಿಗೆ ಮೊದಲೇ ಹೊಲಿದು, ಜಿಪ್ ಇಟ್ಟು, ಎಷ್ಟು ಕುಣಿದರೂ ಬಿಚ್ಚದ ಹಾಗೆ ಮಾಡಿದ್ದರು.

ಈ ಅಂಗಡಿಯವರು ಆ ಉಪಾಯವನ್ನೇ ಎತ್ತಿಕೊಂಡಿದ್ದಾರೆ. ಬಣ್ಣ ಸಿನಿಮಾದ್ದಕ್ಕಿಂತ ಸ್ವಲ್ಪ ಮಂಕು, ಚಿನ್ನದ ಬಣ್ಣದ ಅಂಚು ಸಾಧಾರಣ. ಆದರೆ ಸೊಂಟದ ಪಟ್ಟಿ ಗಟ್ಟಿಯಾಗಿದೆ, ನೆರಿಗೆ ಒಂದೇ ಅಳತೆಯಲ್ಲಿ ಕೂತಿದೆ, ಎಡಗಡೆ ಜಿಪ್. ಅಂಚು ಕೂಡುವ ಕಡೆ ಜರಿಗೆ ಜರಿ ಸರಿಯಾಗಿ ಸೇರಿದೆ. ಒಂದೇ ಅಂಗಡಿಯಲ್ಲಿ ಇಬ್ಬರು ಕಟಿಂಗ್ ಮಾಸ್ತರರು ಇರಬೇಕು ಅಂತ ನನಗೆ ಗುಮಾನಿ. ಶಾಲೆಯ ಗ್ಯಾದರಿಂಗ್ ದಿನ ಉಟ್ಟೆ. ಸ್ಟೇಜ್ ಮೆಟ್ಟಿಲು ಹತ್ತಿ ಇಳಿದು, ಮೇಕಪ್ ರೂಮಿಗೂ ಮೈಕಿಗೂ ಓಡಾಡಿ, ಮಕ್ಕಳು ಕೈ ಹಿಡಿದು ಎಳೆದರೂ ಒಂದು ನೆರಿಗೆ ಜಾರಲಿಲ್ಲ. ಸೆರಗಿಗೆ ಒಂದು ಪಿನ್, ಅಷ್ಟೆ. ಹೆಡ್ ಮೇಡಂ ನೋಡಿದ ಕೂಡಲೇ ಆ ಸಿನಿಮಾದ ಹಾಡಿನ ಸಾಲು ಗುನುಗಿದರು.

ಕುರ್ತಾ ವಾಪಸ್ ಮಾಡೋಣವೆಂದರೆ "ಪ್ರಿಂಟ್ ಹೊಂದದಿರುವುದು ದೋಷವಲ್ಲ" ಎಂದು ಉತ್ತರ ಬಂತು. ಟೇಲರ್ ಅಕ್ಕ ಅದರ ಜೇಬು ಬಿಚ್ಚಿಕೊಟ್ಟಿದ್ದಾರೆ, ಮನೆಯಲ್ಲಿ ಹಾಕಿಕೊಳ್ಳುತ್ತೇನೆ. ಸೀರೆ ತಗೊಳ್ಳುವವರು ಸೊಂಟದ ಅಳತೆ ಟೇಪ್ ಹಿಡಿದು ನೋಡಿ ಆರ್ಡರ್ ಮಾಡಿ, ಬ್ಲೌಸ್ ಅಳತೆ ನಂಬಬೇಡಿ. ಉದ್ದ ಒಂದೇ ಸೈಜಿನಲ್ಲಿ ಬರುತ್ತದೆ, ಗಿಡ್ಡ ಇದ್ದವರು ಕೆಳಗೆ ಮಡಚಿಸಬೇಕು. ಜೊತೆಗೆ ಕೊಡುವ ಬ್ಲೌಸ್ ಪೀಸ್ ಬಹಳ ತೆಳು, ಲೈನಿಂಗ್ ಹಾಕಿಸಲೇಬೇಕು. ಜಿಪ್ ನೈಲಾನಿಂದು, ಎಳೆಯುವಾಗ ಒಳಗಿನ ಬಟ್ಟೆ ಸಿಕ್ಕಿಕೊಳ್ಳುತ್ತದೆ, ನಿಧಾನ.