ಗಂಗಾವತಿಯ ಭಾನುವಾರದ ಇಂಗ್ಲಿಷ್ ನುಡಿಗಟ್ಟು ತರಗತಿ: ಪಾಠ ಚೆನ್ನ, ಅಚ್ಚಿನ ಟಿಪ್ಪಣಿ ತಿದ್ದಬೇಕು

ಗಂಗಾವತಿಯ ತರಬೇತಿ ಕೇಂದ್ರವೊಂದು ಆರು ಭಾನುವಾರ, ದಿನಕ್ಕೆ ಎರಡು ಗಂಟೆಯಂತೆ ನಡೆಸಿದ ಇಂಗ್ಲಿಷ್ ನುಡಿಗಟ್ಟುಗಳ ತರಗತಿಗೆ ನಾನೂ ಬಿ.ಎ. ಓದುತ್ತಿರುವ ನನ್ನ ತಂಗಿಯೂ ತಲಾ 900 ರೂಪಾಯಿ ಕಟ್ಟಿ ಸೇರಿದ್ದೆವು. ಕನ್ನಡ ಮಾಧ್ಯಮದಲ್ಲಿ ಓದಿ ಈಗ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ನನಗೆ, ಹೊರರಾಜ್ಯದ ವ್ಯಾಪಾರಿಗಳು ಬರೆಯುವ ಪತ್ರಗಳಲ್ಲಿ ಒಂದೊಂದು ಪದವೂ ಗೊತ್ತಿದ್ದು ಇಡೀ ವಾಕ್ಯ ಮಾತ್ರ ಕೈಗೆ ಸಿಗದೆ ಹೋಗುತ್ತಿದ್ದುದು ಬಹಳ ದಿನಗಳ ಕೊರಗು. ಆ ಕೊರಗನ್ನು ಈ ತರಗತಿ ಬಹುಮಟ್ಟಿಗೆ ನೀಗಿಸಿತು. ಆದರೆ ಅಲ್ಲಿ ಕೊಡುವ ಅಚ್ಚಿನ ಟಿಪ್ಪಣಿಯ ಬಗ್ಗೆ ನನಗೆ ದೊಡ್ಡ ತಕರಾರಿದೆ.

ಪಾಠ ಹೇಳುವವರು ನಿವೃತ್ತ ಪ್ರೌಢಶಾಲಾ ಮಾಸ್ತರರು. ಅವರು ಅರ್ಥವನ್ನು ಬಾಯಿಪಾಠ ಮಾಡಿಸುವುದಿಲ್ಲ. ನುಡಿಗಟ್ಟು ಹುಟ್ಟಿದ ನೆಲವನ್ನು ಮೊದಲು ಹೇಳಿ, ಅಂಥ ಮಾತು ನಮ್ಮಲ್ಲಿ ಯಾವುದಿದೆ ಎಂದು ಕೇಳುತ್ತಾರೆ. ‘ಕ್ಯಾರಿಯಿಂಗ್ ಕೋಲ್ಸ್ ಟು ನ್ಯೂಕ್ಯಾಸಲ್’ (ನ್ಯೂಕ್ಯಾಸಲ್ಲಿಗೆ ಕಲ್ಲಿದ್ದಲು ಒಯ್ಯುವುದು) ಎಂದು ಹಲಗೆಯ ಮೇಲೆ ಬರೆದು, ನ್ಯೂಕ್ಯಾಸಲ್ ಎಂಬುದು ಇಂಗ್ಲೆಂಡಿನ ಈಶಾನ್ಯದಲ್ಲಿ ಟೈನ್ ನದಿಯ ದಂಡೆಗಿರುವ ಊರೆಂದೂ, ಸುತ್ತಲಿನ ಗಣಿಗಳ ಕಲ್ಲಿದ್ದಲು ಶತಮಾನಗಳ ಕಾಲ ಅಲ್ಲಿಂದಲೇ ಹಡಗೇರಿ ಲಂಡನ್ನಿಗೆ ಹೋಗುತ್ತಿತ್ತೆಂದೂ ವಿವರಿಸುತ್ತಿದ್ದಂತೆ, ಹಿಂದಿನ ಬೆಂಚಿನ ಹುಡುಗನೊಬ್ಬ “ಅಂದ್ರ ಗಂಗಾವತಿಗೆ ಅಕ್ಕಿ ಒಯ್ದಂಗಾತಲ್ರೀ ಸರ” ಎಂದ. ಸಂಡೂರಿಗೆ ಅದಿರು ಒಯ್ದಂಗ ಎಂದು ಬಳ್ಳಾರಿ ಕಡೆಯ ಹುಡುಗಿಯೊಬ್ಬಳು ಸೇರಿಸಿದಳು. ಆ ನುಡಿಗಟ್ಟು ಇನ್ನು ನಮ್ಮಲ್ಲಿ ಯಾರಿಗೂ ಮರೆಯುವುದಿಲ್ಲ.

ನನಗೆ ಎಲ್ಲಕ್ಕಿಂತ ಉಪಕಾರವಾದದ್ದು ‘ಕ್ರಾಸಿಂಗ್ ದ ರೂಬಿಕಾನ್’ ಪಾಠ. ರೂಬಿಕಾನ್ ಒಂದು ನದಿ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬಂದದ್ದು ಆನೆಗೊಂದಿಯ ಬಂಡೆಗಳ ನಡುವೆ ತುಂಬಿ ಹರಿಯುವ ತುಂಗಭದ್ರೆ ಮತ್ತು ಹೊಳೆ ಬಂದಾಗ ದಡದ ಮೇಲೆ ಕವುಚಿ ಹಾಕಿರುವ ಹರಗೋಲುಗಳು. ಮಾಸ್ತರರು ನಮ್ಮನ್ನು ಅಲ್ಲಿಗೇ ತಡೆದರು. ಉತ್ತರ ಇಟಲಿಯ ಆ ನದಿ ಸಣ್ಣದು, ರೋಮಿನ ಸೇನಾಪತಿ ಜೂಲಿಯಸ್ ಸೀಸರನಿಗೆ ನೀರು ಅಡ್ಡಿಯಾಗಿರಲಿಲ್ಲ. ಪ್ರಾಂತವನ್ನು ಆಳುವವನು ಆ ಗಡಿ ದಾಟಿ ಇಟಲಿಯೊಳಕ್ಕೆ ಸೈನ್ಯ ತರಕೂಡದೆಂಬ ರೋಮಿನ ಕಾನೂನು ಅಡ್ಡಿಯಾಗಿತ್ತು. ಕ್ರಿ.ಪೂ. 49ರಲ್ಲಿ ಆತ ಅದನ್ನು ಮೀರಿ ದಾಟಿದ, ಅಂತರ್ಯುದ್ಧ ಶುರುವಾಯಿತು. ಇಷ್ಟು ತಿಳಿಯದಿದ್ದರೆ ಆ ಮಾತನ್ನು ನಾನು ಕಷ್ಟಪಟ್ಟು ಪಾರಾಗುವುದಕ್ಕೆ ಬಳಸುತ್ತಿದ್ದೆನೇ ಹೊರತು, ಹಿಂದಿರುಗಲು ಬಾರದ ಹೆಜ್ಜೆಗೆ ಬಳಸುತ್ತಿರಲಿಲ್ಲ.

‘ವೈಟ್ ಎಲಿಫೆಂಟ್’, ಅಂದರೆ ಬಿಳಿಯಾನೆಯ ಮಾತೂ ಹಾಗೆಯೇ. ಐರಾವತವನ್ನು ಇಂದ್ರನ ವಾಹನವೆಂದು ಪೂಜಿಸುವ ನಮಗೆ ಅದು ಹೊರೆಯ ಅರ್ಥ ಪಡೆದದ್ದು ವಿಚಿತ್ರವಾಗಿ ಕಂಡಿತ್ತು. ಸಯಾಮಿನಲ್ಲಿ (ಇಂದಿನ ಥಾಯ್ಲೆಂಡ್) ಬಿಳಿಯಾನೆ ಪವಿತ್ರವಾದ್ದರಿಂದ ಅದನ್ನು ದುಡಿಸುವಂತಿರಲಿಲ್ಲ, ಸಾಕುವ ಖರ್ಚು ಮಾತ್ರ ತಪ್ಪುತ್ತಿರಲಿಲ್ಲ ಎಂದು ಹೇಳಿ, ಬೇಡದವರನ್ನು ಹಾಳುಮಾಡಲು ಅರಸ ಅದನ್ನು ದಾನ ಕೊಡುತ್ತಿದ್ದನೆಂಬುದನ್ನು ಕತೆಯೆಂದೇ ಹೇಳಿದರು. ಈ ಎಚ್ಚರವೇ ಟಿಪ್ಪಣಿಯಲ್ಲಿ ಇಲ್ಲ.

ಟಿಪ್ಪಣಿಯ 11ನೆಯ ಪುಟದಲ್ಲಿ, ಹಿಂದೆ ಇಂಗ್ಲೆಂಡಿನ ಹುಲ್ಲಿನ ಚಾವಣಿಗಳಲ್ಲಿ ಬೆಕ್ಕು ನಾಯಿಗಳು ಮಲಗುತ್ತಿದ್ದವು, ಜೋರು ಮಳೆಗೆ ಜಾರಿ ಕೆಳಗೆ ಬೀಳುತ್ತಿದ್ದವು, ಆದ್ದರಿಂದ ಧಾರಾಕಾರ ಮಳೆಗೆ ‘ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’ ಎಂಬ ಮಾತು ಬಂತು ಎಂದು ಖಚಿತವಾಗಿ ಅಚ್ಚಾಗಿದೆ. ಇದು 1999ರಲ್ಲಿ ಇಮೇಲ್ ಮೂಲಕ ಜಗತ್ತೆಲ್ಲ ಹಬ್ಬಿದ ಕಟ್ಟುಕತೆ. ಲೇಖಕ ಜೊನಾಥನ್ ಸ್ವಿಫ್ಟ್ 1738ರಲ್ಲೇ ಈ ಮಾತನ್ನು ಅಚ್ಚಿನಲ್ಲಿ ಬಳಸಿದ್ದಾನೆ, ಅದರ ಮೂಲ ಮಾತ್ರ ಇಂದಿಗೂ ಇತ್ಯರ್ಥವಾಗಿಲ್ಲ. ಜೋಪಡಿಯಲ್ಲಿ ಬೆಳೆದ ನಮ್ಮವ್ವನಿಗೆ ಈ ವಿವರಣೆ ಓದಿ ಹೇಳಿದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ: “ಮಳಿ ಬಂದ್ರ ನಾಯಿ ಒಳಗ ಬರ್ತದ, ಮಾಡಿನ ಮ್ಯಾಲ ಯಾಕ ಹೋಗ್ತದ?” ಅದೇ ಪುಟದಲ್ಲಿ ‘ಸೇವ್ಡ್ ಬೈ ದ ಬೆಲ್’ ಎಂಬುದಕ್ಕೆ ಜೀವಂತ ಹೂಳಿದವರು ಶವಪೆಟ್ಟಿಗೆಯೊಳಗಿಂದ ಗಂಟೆ ಬಾರಿಸುತ್ತಿದ್ದ ಕತೆಯನ್ನು ಕೊಟ್ಟಿದ್ದಾರೆ, ಅದು ಬಂದದ್ದು ಬಾಕ್ಸಿಂಗ್ ಅಖಾಡದಿಂದ, ಸೋಲುವ ಹಂತದಲ್ಲಿದ್ದವನನ್ನು ಸುತ್ತು ಮುಗಿದ ಗಂಟೆ ಕಾಪಾಡುವುದರಿಂದ.

ನಾನು ಕೇಳಿದಾಗ ಮಾಸ್ತರರು ಯಾವ ಬಿಗುಮಾನವೂ ಇಲ್ಲದೆ ಒಪ್ಪಿಕೊಂಡು, ಎಲ್ಲರಿಂದಲೂ ಆ ಸಾಲುಗಳನ್ನು ಹೊಡೆಸಿದರು. ಆದರೆ ಟಿಪ್ಪಣಿ ಕೇಂದ್ರದವರದು, ಹೊಸ ತಂಡಕ್ಕೂ ಅದೇ ಪ್ರತಿಯನ್ನು ಹಂಚಿದ್ದಾರೆ. ಪರೀಕ್ಷೆಗೆಂದು ಅದನ್ನೇ ನಂಬಿ ಓದುವ ಹಳ್ಳಿಯ ಮಕ್ಕಳು ಸುಳ್ಳನ್ನು ಕಲಿಯುತ್ತಾರೆಂಬುದು ನನಗೆ ನಿಜವಾಗಿ ನೋವಿನ ಸಂಗತಿ.

ಕೊಠಡಿಯಲ್ಲಿ ಗಾಳಿ ಬೆಳಕಿಗೆ ಕೊರತೆಯಿಲ್ಲ, ಶುಲ್ಕ ದುಬಾರಿಯಲ್ಲ. ಪಾಠಕ್ಕಾಗಿ ಧಾರಾಳವಾಗಿ ಸೇರಬಹುದು. ಸ್ವಂತ ನೋಟ್‌ಬುಕ್ ಒಯ್ದು ಮಾಸ್ತರರ ಮಾತನ್ನೇ ಬರೆದುಕೊಳ್ಳಬೇಕು. ತಂಗಿ ತನ್ನ ಪ್ರತಿಯನ್ನು ಹೊಸ ತಂಡದ ಗೆಳತಿಗೆ ಕೊಟ್ಟಿದ್ದಾಳೆ. ಅದರ 11ನೆಯ ಪುಟದಲ್ಲಿ ಬೆಕ್ಕು ನಾಯಿಗಳ ಕತೆಗೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ‘ಕುಂಭದ್ರೋಣ ಮಳೆ’ ಎಂದಷ್ಟೇ ಬರೆದಿದ್ದಾಳೆ.