ಬೆಂಗಳೂರಿನ ನೆಂಟರನ್ನು ಎಲ್ಲಿಗೆ ಕರೆದೊಯ್ಯುವುದು: ಮಾಂದಲ್‌ಪಟ್ಟಿ, ನಿಸರ್ಗಧಾಮ, ಚಿಕ್ಲಿಹೊಳೆ

ಕುಶಾಲನಗರದಲ್ಲಿ ಮನೆಯಿದ್ದವರಿಗೆ ಶನಿವಾರ ಬಂತೆಂದರೆ ಬೆಂಗಳೂರಿನ ನೆಂಟರು ಬಂದರೆಂದೇ ಲೆಕ್ಕ. ಎಲ್ಲರೂ ಕೇಳುವುದು ಒಂದೇ: ಹಸಿರಿರಬೇಕು, ಗದ್ದಲ ಇರಬಾರದು. ನನ್ನ ಉತ್ತರ ಚಿಕ್ಲಿಹೊಳೆ. ಉಳಿದೆರಡು ಕಡೆಗೂ ಅಮ್ಮ, ಅಕ್ಕ, ಭಾವ, ಅವರ ಮಗಳೊಂದಿಗೆ ಹೋಗಿ ಬಂದ ಮೇಲೆಯೇ ಈ ಮಾತು ಹೇಳುತ್ತಿದ್ದೇನೆ.

ಮಾಂದಲ್‌ಪಟ್ಟಿಯ ಚೆಲುವಿನ ಬಗ್ಗೆ ತಕರಾರಿಲ್ಲ. ಮಳೆ ಹಿಂದೆ ಸರಿದ ಮೇಲೆ ಆ ಹುಲ್ಲುಗುಡ್ಡಗಳ ಹಸಿರನ್ನು ನೋಡಬೇಕು. ನನ್ನ ತಕರಾರು ಜೀಪಿನದು. ಮೇಲಿನ ದಾರಿ ಕೊರಕಲು, ನಮ್ಮ ಚಿಕ್ಕ ಕಾರು ಅಲ್ಲಿ ಹತ್ತುವುದಿಲ್ಲ. ಬಾಡಿಗೆ ಜೀಪೇ ಗತಿ. ಫೋನಿನಲ್ಲಿ ಒಂದು ದರ ಹೇಳಿದ ಚಾಲಕ ನಾವು ಹೋಗಿ ನಿಂತ ಮೇಲೆ, "ಹಬ್ಬದ ರಜೆ ಸರ್, ಇವತ್ತು ಆ ರೇಟಿಗೆ ಆಗುವುದಿಲ್ಲ" ಎಂದ. ಅಷ್ಟು ದೂರ ಬಂದು ಹಿಂದಿರುಗುವುದು ಹೇಗೆಂದು ಭಾವ ಒಪ್ಪಿಕೊಂಡರು.

ಅಮ್ಮನನ್ನು ಮುಂದಿನ ಸೀಟಿನಲ್ಲಿ ಕೂರಿಸಿ ನಾವು ಹಿಂದಿನ ಎದುರುಬದುರು ಬೆಂಚುಗಳಲ್ಲಿ ಕೂತೆವು. ಕಬ್ಬಿಣದ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರೂ ಪ್ರತಿ ಗುಂಡಿಗೂ ಮೊಣಕಾಲುಗಳು ಒಂದಕ್ಕೊಂದು ಬಡಿಯುತ್ತಿದ್ದವು. ಮೇಲೆ ಇಳಿಸಿದವನೇ, "ಒಂದು ಗಂಟೆಯೊಳಗೆ ಬಂದುಬಿಡಿ, ಮುಂದಿನ ಬಾಡಿಗೆ ಇದೆ" ಎಂದ. ಆ ಒಂದು ಗಂಟೆ ಪೂರ್ತಿ ಮಂಜು. ಪಕ್ಕದಲ್ಲಿ ನಿಂತ ಅಕ್ಕನ ಸೀರೆಯ ಬಣ್ಣವಷ್ಟೇ ಕಾಣುತ್ತಿತ್ತು. ಇಳಿಯುವಾಗ ಎರಡು ತಿರುವು ದಾಟುವಷ್ಟರಲ್ಲಿ ಮಂಜು ಸರಿದು ಎದುರಿನ ಗುಡ್ಡ ಬಿಸಿಲಿಗೆ ತೆರೆದುಕೊಂಡಿತು. ಎರಡು ನಿಮಿಷ ನಿಲ್ಲಿಸಿ ಎಂದರೆ ಚಾಲಕ ನಿಲ್ಲಿಸಲಿಲ್ಲ. ಮಂಜು ಯಾರ ಕೈಯಲ್ಲೂ ಇಲ್ಲ, ಆದರೆ ಅದು ಸರಿಯುವವರೆಗೆ ಕಾಯುವ ಹಕ್ಕನ್ನೂ ಕೊಡದ ಬಾಡಿಗೆ ನನಗೆ ಬೇಡ. ಹೋಗಲೇಬೇಕೆನ್ನುವವರು ದರವನ್ನೂ ಮೇಲೆ ನಿಲ್ಲುವ ಹೊತ್ತನ್ನೂ ಜೀಪು ಹತ್ತುವ ಮೊದಲೇ ಖಚಿತಪಡಿಸಿಕೊಳ್ಳಿ.

ಕಾವೇರಿ ನಿಸರ್ಗಧಾಮ ಮಡಿಕೇರಿ ಹೆದ್ದಾರಿಯಲ್ಲೇ ಇದೆ. ಸ್ವಂತ ವಾಹನ ಇಲ್ಲದವರಿಗೆ, ಚಿಕ್ಕ ಮಕ್ಕಳಿರುವವರಿಗೆ ಇದೇ ಸರಿ: ತೂಗುಸೇತುವೆ, ಬಿದಿರು ಮೆಳೆಗಳ ನೆರಳು, ಜಿಂಕೆಗಳು. ಆದರೆ ಭಾನುವಾರ ಸೇತುವೆಯ ಮೇಲೆ ಸೆಲ್ಫಿಗೆ ನಿಂತವರನ್ನು ದಾಟುವುದೇ ಸಾಹಸ. ಮಳೆಗಾಲದಲ್ಲಿ ಕಾವೇರಿ ಉಕ್ಕಿದರೆ ಪ್ರವೇಶವೇ ಬಂದ್.

ದುಬಾರೆಗೆ ಹೋಗುವುದು ಆನೆ ನೋಡಲು, ಹಾಗಾಗಿ ಈ ಹೋಲಿಕೆಯಲ್ಲಿ ಅದು ಇಲ್ಲ.

ಚಿಕ್ಲಿಹೊಳೆ ಜಲಾಶಯ ರಂಗಸಮುದ್ರದ ಬಳಿ, ಮೀನುಕೊಲ್ಲಿ ಅರಣ್ಯದ ಮಗ್ಗುಲಲ್ಲಿದೆ. ನಾವು ಗುಡ್ಡೆಹೊಸೂರಿನಿಂದ ಸಿದ್ದಾಪುರದ ರಸ್ತೆ ಹಿಡಿದು ಹೋಗುತ್ತೇವೆ. ನಮ್ಮ ಕಾರೇ ಸಾಕು. ಮಳೆಗಾಲದಲ್ಲಿ ಕೆರೆ ತುಂಬಿದಾಗ ನೀರು ಹೊರಬೀಳುವ ಪರಿ ಬೇರೆಲ್ಲೂ ನಾನು ಕಂಡದ್ದಲ್ಲ. ಕೋಡಿಯ ಗೋಡೆ ಅರ್ಧಚಂದ್ರಾಕಾರವಾಗಿ ಬಾಗಿದೆ. ಅದರ ಅಂಚಿನುದ್ದಕ್ಕೂ ನೀರು ಗಾಜಿನಂತೆ ತೆಳ್ಳಗೆ ಬಾಗಿ, ಕೆಳಗಿಳಿಯುತ್ತಲೇ ಬೆಳ್ಳಗೆ ಒಡೆದು, ನಡುವಿನ ಗುಂಡಿಗೆ ಮೂರೂ ಕಡೆಯಿಂದ ಸುರಿಯುತ್ತದೆ. ಅಕ್ಕನ ಮಗಳು ಅದನ್ನು ನೋಡುತ್ತಾ ಮೊಬೈಲ್ ಕೇಳುವುದನ್ನೇ ಮರೆತಳು. ಅಮ್ಮ ಜಮಖಾನೆ ಹಾಸಿಕೊಂಡು ಮಧ್ಯಾಹ್ನವೆಲ್ಲ ಕೂತಿದ್ದರು, ಏಳಿ ಎನ್ನುವವರಿರಲಿಲ್ಲ. ಜೀಪಿಗೆ ತೆತ್ತ ಹಣದಲ್ಲಿ ನಮ್ಮ ಐವರ ಬುತ್ತಿ, ಪೆಟ್ರೋಲ್ ಎಲ್ಲ ಕಳೆದು ಇನ್ನೂ ಉಳಿಯುತ್ತದೆ.

ಕೊರತೆಗಳೂ ಇವೆ. ಊಟ, ಶೌಚಾಲಯ ಎಲ್ಲವನ್ನೂ ಪೇಟೆಯಲ್ಲೇ ಮುಗಿಸಿಕೊಂಡು ಹೊರಡಬೇಕು. ಏಪ್ರಿಲ್ ಹೊತ್ತಿಗೆ ನೀರು ಹಿಂದೆ ಸರಿದು ಕೆಸರಿನ ದಂಡೆ ಕಾಣುತ್ತದೆ, ಆಗ ನಾನೂ ಯಾರನ್ನೂ ಕರೆದೊಯ್ಯುವುದಿಲ್ಲ. ಕೋಡಿಯ ಹತ್ತಿರ ನೀರಿಗಿಳಿಯುವ ಮಾತೇ ಬೇಡ. ಪಾಚಿಯ ಮೇಲೆ ಕಾಲು ನಿಲ್ಲುವುದಿಲ್ಲ.

ಗುಡ್ಡ ಹತ್ತುವ ಹುಮ್ಮಸ್ಸಿನ ಹುಡುಗರು ಬಂದರೆ ಮಾಂದಲ್‌ಪಟ್ಟಿಗೆ ಕಳುಹಿಸುತ್ತೇನೆ, ಬಸ್ಸಿನಲ್ಲಿ ಬಂದವರನ್ನು ನಿಸರ್ಗಧಾಮಕ್ಕೆ. ಅಮ್ಮನ ಮಂಡಿನೋವು, ನಮ್ಮ ಹಳೆಯ ಕಾರು, ತಿಂಗಳ ಕೊನೆಯ ಜೇಬು ಈ ಮೂರಕ್ಕೂ ಹೊಂದುವುದು ಚಿಕ್ಲಿಹೊಳೆ ಮಾತ್ರ. ಸೂರ್ಯಾಸ್ತ ಚೆನ್ನಾಗಿರುತ್ತದೆಂದು ಎಲ್ಲರೂ ಉಳಿಯಲು ಹಟ ಹಿಡಿಯುತ್ತಾರೆ. ಕಾಡಾನೆ ಓಡಾಡುವ ದಾರಿಯಾದ್ದರಿಂದ ಕತ್ತಲಾಗುವ ಮೊದಲೇ ಕಾರು ಹತ್ತಿಸುತ್ತೇನೆ, ಈ ವಿಷಯದಲ್ಲಿ ಭಾವನ ಮಾತನ್ನೂ ಕೇಳುವುದಿಲ್ಲ.